ಅಕ್ಕನ ಗುಂಪಿನಲ್ಲಿ ನಾನು ಕೊಟ್ಟ ಉತ್ತರ

ತಗಂತ್ ಉಫೆಲ್ಲಾ ಶಾಲೆ,
ಜೂನ್ 3, ಸೋಮವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಮಾಳಿಗೆಯ ಮೆಟ್ಟಿಲನ್ನು ದಿನಕ್ಕೆ ಒಂದೇ ಸಲ ಹತ್ತು, ಬಟ್ಟೆ ಒಣಹಾಕುವುದಕ್ಕೂ ತರುವುದಕ್ಕೂ ಬೇರೆ ಬೇರೆ ಹತ್ತಬೇಡ. ರೀಮ್‌ಳ ಉಬ್ಬಸ ಈ ತಿಂಗಳು ಬಂತೇ? ಅವಳ ಬಾಯಿಗೆ ಹಿಡಿಯುವ ಪಂಪನ್ನು ಅಡುಗೆಮನೆಯ ಕಪಾಟಿನಲ್ಲಿ ಇಡುತ್ತೀಯಂತೆ; ದಿಂಬಿನ ಪಕ್ಕ ಇಡು, ಬೇಕಾದಾಗ ಹುಡುಕುವ ಹಾಗಾಗಬಾರದು. ಪಕ್ಕದ ಮನೆಯವರು ಮೀನು ಸುಡುವಾಗ ಕಿಟಕಿ ಮುಚ್ಚು. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಅಕ್ಕ ಸ್ವಲ್ಪ ಸೊರಗಿದ್ದಾಳೆ, ನಾನು ಸ್ವಲ್ಪ ಕಪ್ಪಾಗಿದ್ದೇನೆ, ಅಷ್ಟೇ.

ಈ ಕಾಗದವನ್ನು ಪಕ್ಕದ ಮನೆಯ ಲಾಲ್ಲಾ ಝೋರಾಳ ಕೈಲಿ ಓದಿಸಬೇಡ. ಮಸೀದಿಯ ಅಕ್ಷರ ತರಗತಿಗೆ ಎರಡು ಚಳಿಗಾಲ ಹೋಗಿದ್ದೀಯ, ಬೆರಳಿಟ್ಟು ನಿಧಾನವಾಗಿ ನೀನೇ ಓದು. ಅದಕ್ಕೆಂದೇ ಅಕ್ಷರಗಳನ್ನು ದೊಡ್ಡದಾಗಿ ಬರೆದಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀಯ. ಆದರೆ “ಬುಷ್ರಾ ಯಾವಾಗ ಬರ್ತಾಳೆ, ನೆಟ್ಟಗೆ ಹೇಳೋ” ಎಂದು ನೀನು ಕೇಳಿದಾಗಲೆಲ್ಲ ಸಿಗ್ನಲ್ ಹೋಯಿತೆಂದು ನಾನು ಫೋನ್ ಇಟ್ಟುಬಿಟ್ಟಿದ್ದೇನೆ. ಅದರಲ್ಲಿ ಎರಡು ಸಲ ಸಿಗ್ನಲ್ ಇತ್ತು. ಈಗ ನೆಟ್ಟಗೆ ಹೇಳುತ್ತೇನೆ. ಅಕ್ಕನಿಗೆ ಈ ವರ್ಷ ನಮ್ಮೂರು ಸಫಿಗೆ ವರ್ಗವಾಗುವುದಿಲ್ಲ. ಸೆಪ್ಟೆಂಬರಿನಲ್ಲಿ ರೀಮ್ ಒಂದನೇ ತರಗತಿಗೆ ಸೇರುವಾಗ ಅವಳ ತಾಯಿ ಮನೆಯಲ್ಲಿ ಇರುವುದಿಲ್ಲ. ಆ ವರ್ಗ ಆಗದ ಹಾಗೆ ಮಾಡಿದವನು ನಾನು. ಬೇರೆಯವರ ಬಾಯಿಂದ ನಿನಗೆ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನೀನು ನನ್ನನ್ನು ಇಲ್ಲಿಗೆ ಕಳಿಸಿದ್ದು ಬೆಟ್ಟದ ಶಾಲೆಯಲ್ಲಿ ಅಕ್ಕ ನಾಲ್ಕು ವರ್ಷ ಒಂಟಿಯಾಗಿ ಇದ್ದದ್ದು ಸಾಕು, ಮನೆಯವರು ಒಬ್ಬರು ಜೊತೆಗಿರಬೇಕು ಎಂದು. ಆಗ ನಾನು ಹೇಗೂ ಮನೆಯಲ್ಲಿ ಖಾಲಿ ಕೂತಿದ್ದೆ. ಶಾಲೆಯ ಕೊನೆಯ ಪರೀಕ್ಷೆಯಾದ ಬಾಕ್ ಪರೀಕ್ಷೆಯಲ್ಲಿ ಇಡೀ ಕೋಣೆ ನಕಲು ಹೊಡೆಯುತ್ತಿದೆ, ನಾನೂ ಹೊಡೆಯುತ್ತಿದ್ದೇನೆ ಎಂದು ಎದ್ದು ನಿಂತು ಹೇಳಿದವನನ್ನು ಮತ್ತೆ ಶಾಲೆಗೆ ಹೋಗು ಎನ್ನುವ ಧೈರ್ಯ ಅಪ್ಪನಿಗೂ ಇರಲಿಲ್ಲ, ನನಗೂ ಮನಸ್ಸಿರಲಿಲ್ಲ. ಇಲ್ಲಿಗೆ ಬಂದಾಗ ಅಕ್ಕ ಇದ್ದ ಸ್ಥಿತಿಯನ್ನು ನಾನು ನಿನಗೆ ಹೇಳಿಲ್ಲ. ಒಂದು ಕೋಣೆ, ನಾಲ್ಕು ತರಗತಿ, ಇಪ್ಪತ್ತೊಂದು ಮಕ್ಕಳು. ಒಂದನೆಯವರಿಗೆ ಅಕ್ಷರ ಹೇಳಿಕೊಡುವಷ್ಟರಲ್ಲಿ ನಾಲ್ಕನೆಯವರು ಕಿಟಕಿಯಿಂದ ಹೊರಗೆ ಹಾರಿರುತ್ತಿದ್ದರು. ಮಕ್ಕಳ ಮಾತು ತಶೆಲ್ಹಿತ್, ಇವಳದು ಅರಬ್ಬಿ. ಸಂಜೆ ಬಂದು ಗೋಡೆಗೆ ಒರಗಿ ಕೂತರೆ ಎದುರಿಗಿಟ್ಟ ಚಹಾ ಆರಿ ತಣ್ಣಗಾದರೂ ಮುಟ್ಟುತ್ತಿರಲಿಲ್ಲ. ಒಂದು ದಿನ ನನ್ನನ್ನು ನೋಡಿ, “ಜವಾದ್, ನಾನು ಕಲಿಸ್ತಿದೀನಾ ಅಥವಾ ಕಾಯ್ತಿದೀನಾ ಅಂತ ನಂಗೇ ಗೊತ್ತಾಗ್ತಿಲ್ಲ ಕಣೋ” ಎಂದಳು. ಕುರಿ ಕಾಯುವ ಹಾಗೆ ಕಾಯುವುದು ಎಂಬರ್ಥದಲ್ಲಿ ಹೇಳಿದ್ದು.

ಆ ಗುಂಪಿಗೆ ಅವಳನ್ನು ಸೇರಿಸಿದ್ದು ನಾನೇ. ಫೋನಿನಲ್ಲಿ ಏನೋ ಹುಡುಕುವಾಗ ಸಿಕ್ಕಿತು. ಅದರ ಹೆಸರು ‘ಒಂದೇ ಕೋಣೆಯ ಶಿಕ್ಷಕರು’. ದೇಶದ ಎಲ್ಲ ಬೆಟ್ಟ, ಮರುಭೂಮಿಗಳಲ್ಲಿ ಹೀಗೆ ಒಂಟಿಯಾಗಿ ಪಾಠ ಮಾಡುವ ಹನ್ನೊಂದು ಸಾವಿರ ಜನ ಅದರಲ್ಲಿದ್ದಾರೆ. ಅಕ್ಕ ಮೊದಲು ಒಪ್ಪಲಿಲ್ಲ. “ಹಗಲೆಲ್ಲ ಮಕ್ಕಳ ಗಲಾಟೆ, ಸಂಜೆ ಮೇಷ್ಟ್ರುಗಳ ಗಲಾಟೆನೂ ಕೇಳ್ಬೇಕಾ?” ಎಂದಳು. ಶಾಲೆಯ ಹತ್ತಿರ ಸಿಗ್ನಲ್ ಇಲ್ಲ. ಕುರಿದೊಡ್ಡಿಯ ಮೇಲಿನ ಬಂಡೆ ಹತ್ತಬೇಕು. ಹಾಗಾಗಿ ಬೆಳಿಗ್ಗೆ ಅವಳ ಫೋನನ್ನು ನಾನು ಬಂಡೆಗೆ ಒಯ್ಯುವುದು, ಬಂದ ಮಾತುಗಳನ್ನೆಲ್ಲ ತುಂಬಿಸಿಕೊಂಡು ಇಳಿಯುವುದು. ಸಂಜೆ ಅವಳು ರೊಟ್ಟಿ ತಟ್ಟುತ್ತ ಅವನ್ನು ಕೇಳಿ, ತನ್ನ ಉತ್ತರವನ್ನು ದನಿಯಲ್ಲಿ ತುಂಬಿಸಿ ಕೊಡುವುದು. ಮರುದಿನ ನಾನು ಮತ್ತೆ ಬಂಡೆ ಹತ್ತಿದಾಗ ಅದು ಹೋಗುವುದು. ಎರಡು ವರ್ಷ ನಾನು ಮಾಡಿದ ಒಂದೇ ಕೆಲಸ ಇದು. ಅವಳಿಗೆ ಬಂದ ಮಾತುಗಳನ್ನೆಲ್ಲ ನಾನೂ ಕೇಳುತ್ತಿದ್ದೆ. ಕೇಳಬೇಡ ಎಂದು ಅವಳು ಹೇಳಿರಲಿಲ್ಲ.

ಅಮ್ಮಾ, ಶಿಕ್ಷಕರೆಂದರೆ ನನಗೆ ಅಷ್ಟಕ್ಕಷ್ಟೆ, ನಿನಗೆ ಗೊತ್ತು. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲಾರೆ. ಆ ಗುಂಪು ಅಕ್ಕನನ್ನು ಎತ್ತಿ ಕೂರಿಸಿತು. ಅದರಲ್ಲಿ ಸಿ ಬೂಜೆಮಾ ಎಂಬ ಮುದುಕರಿದ್ದಾರೆ, ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದೆ, ಮೂವತ್ತೊಂದು ವರ್ಷ ಇಂಥದೇ ಕೋಣೆಗಳಲ್ಲಿ ಕಲಿಸಿದವರು. ಕೆಮ್ಮದೆ ಒಂದು ಮಾತೂ ಮುಗಿಸುವುದಿಲ್ಲ. ಅಕ್ಕನ ಮೊದಲ ಪ್ರಶ್ನೆಗೆ ಅವರೇ ಉತ್ತರ ಕೊಟ್ಟದ್ದು: “ನಾಕು ತರಗತಿಗೆ ನಾಕು ಬಾಯಿ ಎಲ್ಲಿಂದ ತರ್ತೀಯಮ್ಮಾ? ಮೂರು ತರಗತಿಯ ಕೈಗೆ ಕೆಲಸ ಕೊಡು, ಒಂದು ತರಗತಿಗೆ ಬಾಯಿ ಕೊಡು. ಆಮೇಲೆ ಅದಲು ಬದಲು ಮಾಡು. ಬಾಯಿಗೂ ರಜೆ ಸಿಗುತ್ತೆ.” ಕಪ್ಪುಹಲಗೆಯನ್ನು ನಾಲ್ಕು ಮನೆಗಳಾಗಿ ಗೀಟೆಳೆಯುವುದು, ದೊಡ್ಡ ಮಕ್ಕಳನ್ನು ಸರದಿಯ ಮೇಲೆ ಚಿಕ್ಕವರ ಪಕ್ಕ ಕೂರಿಸುವುದು, ಬಾದಾಮಿ ಸಿಪ್ಪೆಯಲ್ಲಿ ಲೆಕ್ಕ ಕಲಿಸುವುದು, ಎಲ್ಲ ಅಲ್ಲಿಂದ ಬಂತು. ಉತ್ತರದ ಬೆಟ್ಟದ ಹೆಂಗಸೊಬ್ಬಳು ತಾನು ಬರೆದ ಚಿತ್ರಗಳನ್ನು ಕಳಿಸಿದಳು. ಪಾಠದ ಮಾತೇ ಇಲ್ಲದೆ “ತಂಗೀ, ಊಟ ಆಯ್ತಾ, ಒಲೆಗೆ ಸೌದೆ ಇದ್ಯಾ” ಎಂದಷ್ಟೇ ಕೇಳುವವರೂ ಇದ್ದರು. ಅವರಲ್ಲಿ ಒಬ್ಬರ ಮುಖವನ್ನೂ ಅಕ್ಕ ನೋಡಿಲ್ಲ.

ಇಲ್ಲಿ ಇತ್ತೋ ಎಂಬ ಹುಡುಗಿ ಇದ್ದಾಳೆ, ಹೇಸರಗತ್ತೆ ಹೊಡೆಯುವ ದಾ ಹಮ್ಮೂನ ಮೊಮ್ಮಗಳು. ಎರಡು ವರ್ಷ ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ. ಮೂಗಿಯಿರಬೇಕು ಎಂದು ಅಕ್ಕ ಗುಂಪಿನಲ್ಲಿ ಬರೆದಳು. ಅಲ್ಲಿಂದ ಹತ್ತಾರು ಜನ, ಮೊದಲು ಅವಳ ಮನೆಮಾತಿನಲ್ಲೇ ಏನಾದರೂ ಹೇಳಲು ಬಿಡು, ತಪ್ಪು ಹೇಳಿ ನೋಡು, ತಿದ್ದಲಿಕ್ಕಾದರೂ ಬಾಯಿ ತೆರೆಯುತ್ತಾಳೆ ಎಂದರು. ಮರುದಿನ ಅಕ್ಕ ಒಂದು ಚಿತ್ರ ತೋರಿಸಿ ಇದು ಕತ್ತೆ ಎಂದಳು. ಇತ್ತೋ ಎದ್ದು ನಿಂತು ತಶೆಲ್ಹಿತ್‌ನಲ್ಲಿ, “ನಿಂಗೆ ಕಣ್ಣು ಕಾಣಲ್ವಾ ಟೀಚರಮ್ಮ, ಅದು ಹೇಸರಗತ್ತೆ. ನಮ್ಮ ತಾತನ್ನ ಕೇಳು” ಎಂದಳಂತೆ. ಅಕ್ಕ ಅದನ್ನು ಹೇಳುತ್ತ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಈ ಬೆಟ್ಟದಲ್ಲಿ ನಾನು ಕೇಳಿದ್ದು ಅದೇ ಮೊದಲು. ಈಗ ಇತ್ತೋಳ ಬಾಯಿ ಮುಚ್ಚಿಸುವುದು ಹೇಗೆ ಎಂದು ಗುಂಪಿನಲ್ಲಿ ಕೇಳಬೇಕಾಗಿದೆ.

ಆದರೆ ಗುಂಪಿನಲ್ಲಿ ಪಾಠಕ್ಕಿಂತ ಹೆಚ್ಚು ನಡೆಯುವುದು ಬೇರೆಯೇ. ವರ್ಗಾವಣೆಯ ಪಟ್ಟಿ ಬರುವ ಮೊದಲು ಎಲ್ಲರೂ ಅಲ್ಲಿ ಅದಲು ಬದಲಿಗೆ ಜನ ಹುಡುಕುತ್ತಾರೆ. ನೀನು ನನ್ನ ಊರಿಗೆ ಬಾ, ನಾನು ನಿನ್ನ ಊರಿಗೆ ಹೋಗುತ್ತೇನೆ. ಇಬ್ಬರೂ ಸಹಿ ಹಾಕಿ ಕಳಿಸೋಣ. ಅಕ್ಕನಿಗೆ ಬೇರೆ ದಾರಿ ಇರಲಿಲ್ಲ. ಗಂಡ ಇರುವ ಊರಿಗೆ ಹೋಗುವವರು ಮುಂದಿನ ಸಾಲಿನಲ್ಲಿದ್ದರು, ತಲಾಖ್ ಕಾಗದ ಹಿಡಿದ ಇವಳು ಬಹಳ ಹಿಂದೆ. ಸಫಿಯಲ್ಲಿ ಖಾಲಿಯಾಗುವ ಒಂದೋ ಎರಡೋ ಜಾಗ ಮುಂದಿನವರಲ್ಲೇ ಮುಗಿದುಹೋಗುತ್ತಿತ್ತು. ಹೀಗೆ ಆರು ವರ್ಷವಾಯಿತು. ಜನವರಿಯಲ್ಲಿ ಅಕ್ಕನೂ ಬರೆದಳು: “ತಗಂತ್ ಉಫೆಲ್ಲಾ. ಜನ ಒಳ್ಳೆಯವರು, ಗಾಳಿ ಒಳ್ಳೆಯದು, ಟಾರು ರಸ್ತೆಗೆ ಹತ್ತಿರ. ಸಫಿಯವರು ಬೇಕು.” ಟಾರು ರಸ್ತೆ ಎಲ್ಲಿದೆ ಅಕ್ಕಾ ಎಂದು ಕೇಳಿದೆ. “ಎಲ್ರೂ ಹೀಗೇ ಬರೆಯೋದು, ನೀನು ಸುಮ್ನಿರು” ಎಂದಳು. ಸುಮ್ಮನಿದ್ದೆ. ಅದೂ ನನ್ನ ತಪ್ಪೇ, ಆಗಲೇ ಜಗಳವಾಡಬೇಕಿತ್ತು.

ಮಾರ್ಚ್‌ವರೆಗೆ ಯಾರೂ ಕೇಳಲಿಲ್ಲ. ಏಪ್ರಿಲಿನಲ್ಲಿ ಹಸ್ನಾ ಎಂಬವಳ ದನಿ ಬಂತು. ಸಫಿಯಲ್ಲಿ, ಕುಂಬಾರರ ದಿಬ್ಬದ ಹತ್ತಿರದ ಶಾಲೆಯಲ್ಲಿದ್ದಾಳೆ. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುತ್ತದಲ್ಲ, ಅದೇ. ಅವಳ ಗಂಡನಿಗೆ ಈ ಬೆಟ್ಟದ ಕೆಳಗೆ ಅಣೆಕಟ್ಟಿನಲ್ಲಿ ಕೆಲಸ. ಗಂಡನಿಗೆ ಹತ್ತಿರವಾದರೆ ಸಾಕು, ಯಾವ ಶಾಲೆಯಾದರೂ ಸರಿ ಎಂದಳು. ಅಕ್ಕ ಆ ಮಾತನ್ನು ಏಳು ಸಲ ಕೇಳಿದಳು; ನಾನು ಎಣಿಸಿದ್ದೇನೆ. ಆ ವಾರ ಅವಳು ರೀಮ್‌ಗೆ ಶಾಲೆಯ ಚೀಲ ಹೊಲಿಯಲು ಶುರುಮಾಡಿದಳು. ನಾನು ಅಗಾದಿರ್‌ಗೆ ಹೋಗಿ ದೋಣಿ ಕೆಲಸಕ್ಕೆ ಸೇರುವ ಯೋಚನೆ ಮಾಡಿದೆ. ಸಾಮಾನು ಇಳಿಸಲು ಎರಡು ಹೇಸರಗತ್ತೆ ಬೇಕಾಗುತ್ತದೆ ಎಂದು ದಾ ಹಮ್ಮೂನಿಗೆ ಹೇಳಿಯೂ ಆಯಿತು. “ಹೋಗಿ, ಹೋಗಿ. ಇಲ್ಲಿಂದ ಹೋಗದವರು ಅಂದ್ರೆ ನಾವು, ಕಲ್ಲು” ಎಂದ ಅವನು. ಕಾಗದಗಳು ಸಿದ್ಧವಾದವು. ಹಸ್ನಾಳ ಸಹಿ ಒಂದು ಉಳಿದಿತ್ತು.

ಮೇ ಹದಿನಾಲ್ಕರಂದು, ಬೆಳಗಿನ ಹತ್ತು ಗಂಟೆ ಇರಬೇಕು, ನಾನು ಬಂಡೆಯ ಮೇಲೆ ಕೂತಿರುವಾಗಲೇ ಅವಳ ದನಿ ಬಂತು. “ಬುಷ್ರಾ, ನಾಳೆ ಸಹಿ ಹಾಕಿ ಕೊಟ್ಬಿಡ್ತೀನಿ. ಒಂದೇ ಒಂದು ಮಾತು ಕೇಳಬೇಕಿತ್ತು. ನನ್ನ ಮಗನಿಗೆ ಎರಡು ವರ್ಷ, ಎದೆ ಸ್ವಲ್ಪ ಸೂಕ್ಷ್ಮ. ಚಳಿಗಾಲದಲ್ಲಿ ಅಲ್ಲಿಂದ ಡಾಕ್ಟರ ಹತ್ರ ಹೋಗಕ್ಕೆ ಎಷ್ಟು ಹೊತ್ತಾಗುತ್ತೆ?”

ಇಂಥ ಪ್ರಶ್ನೆ ಬಂದರೆ ಏನು ಮಾಡಬೇಕೆಂದು ಅಕ್ಕ ಮೊದಲೇ ಹೇಳಿದ್ದಳು: “ಜನ ಒಳ್ಳೆಯವರು ಅಂತಷ್ಟೇ ಹೇಳು. ಉಳಿದದ್ದು ಸಂಜೆ ನಾನು ನೋಡ್ಕೋತೀನಿ.” ನಾನು ಸಂಜೆಯವರೆಗೆ ಕಾಯಬಹುದಿತ್ತು. ಕಾದರೆ ಅಕ್ಕ ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು, ಅದಕ್ಕೇ ಕಾಯಲಿಲ್ಲ. ಮರೆತು ಮಾಡಿದ್ದಲ್ಲ, ಅವಸರದಲ್ಲಿ ಬಾಯಿಗೆ ಬಂದದ್ದಲ್ಲ. ರೀಮ್ ಐದು ತಿಂಗಳ ಕೂಸಾಗಿದ್ದಾಗ, ಇಲ್ಲಿಯ ಮೊದಲ ಚಳಿಗಾಲದಲ್ಲಿ, ಬಾಣಂತಿ ಮಗಳ ಜೊತೆಗಿದ್ದವಳು ನೀನು. ಹಿಮ ಬಿದ್ದು ದಾರಿ ಮುಚ್ಚಿದ ಒಂಬತ್ತು ದಿನವನ್ನು ನೀನು ಎಷ್ಟು ಸಲ ಹೇಳಿದ್ದೀಯೋ ನನಗೆ ಲೆಕ್ಕವಿಲ್ಲ. ಕೂಸಿನ ಎದೆಯಿಂದ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು ಬರುತ್ತಿದ್ದದ್ದು, ಹತ್ತನೇ ದಿನ ಅವಳನ್ನು ಎದೆಗೆ ಕಟ್ಟಿಕೊಂಡು ದಾ ಹಮ್ಮೂನ ಹೇಸರಗತ್ತೆಯ ಮೇಲೆ ನೀನು ಇಳಿದದ್ದು, ಮತ್ತೆ ಅವಳನ್ನು ಈ ಬೆಟ್ಟಕ್ಕೆ ತರಬಾರದು ಎಂದು ಡಾಕ್ಟರು ಹೇಳಿದ್ದು. ಅಲ್ಲಿಂದ ಇಲ್ಲಿಯವರೆಗೆ ತಾಯಿ ಇಲ್ಲಿ, ಮಗು ಅಲ್ಲಿ. ಅದು ಬಂಡೆಯ ಮೇಲೆ ನನಗೆ ನೆನಪಾಯಿತು. ನನ್ನ ದನಿಯಲ್ಲೇ ಹೇಳಿದೆ:

“ನಾನು ಬುಷ್ರಾ ತಮ್ಮ. ದಾರಿ ತೆರೆದಿದ್ರೆ ನಾಕು ಗಂಟೆ, ಎರಡು ಗಂಟೆ ಹೇಸರಗತ್ತೆ ಮೇಲೆ, ಎರಡು ಗಂಟೆ ಗಾಡೀಲಿ. ಹಿಮ ಬಿದ್ರೆ ದಾರಿನೇ ಇಲ್ಲ. ನಮ್ಮಕ್ಕನ ಕೂಸು ಇಲ್ಲಿ ಒಂಬತ್ತು ದಿನ ಉಸಿರಿಗೆ ಒದ್ದಾಡ್ತು, ತುಟಿ ನೀಲಿ ಆಗಿತ್ತಂತೆ. ಈಗ ಚೆನ್ನಾಗಿದೆ, ಆದ್ರೆ ಇಲ್ಲಿಲ್ಲ. ಟಾರು ರಸ್ತೆ ಇಲ್ಲ. ಜನ ಒಳ್ಳೆಯವರು, ಅದು ನಿಜ. ಮಗೂನ ಕರ್ಕೊಂಡು ಬರಬೇಡಿ.”

ನಾಲ್ಕನೆಯ ದಿನ ಹಸ್ನಾಳಿಂದ, ಕ್ಷಮಿಸು ಬುಷ್ರಾ, ಬೇರೆ ಕಡೆ ನೋಡಿಕೊಂಡೆ ಎಂದು ಒಂದು ಸಾಲು ಬಂತು. ಅಷ್ಟಕ್ಕೇ ನಿಂತಿದ್ದರೆ ಮುಂದಿನ ವರ್ಷ ಇನ್ನೊಬ್ಬರು ಸಿಗಬಹುದಿತ್ತು. ಆದರೆ ಹಸ್ನಾ ನನ್ನ ಆ ಮಾತನ್ನು ಗುಂಪಿಗೇ ಹಾಕಿದ್ದಳು. ಕೆಟ್ಟ ಮನಸ್ಸಿನಿಂದಲ್ಲ. “ಅಕ್ಕತಂಗಿಯರೇ, ಸಹಿ ಹಾಕೋ ಮೊದ್ಲು ಕೇಳಿ ನೋಡಿ, ಮಕ್ಕಳಿರೋರು ಹುಷಾರು” ಎಂದು ಬರೆದಿದ್ದಳು. ಹನ್ನೊಂದು ಸಾವಿರ ಜನ ನನ್ನ ದನಿ ಕೇಳಿದರು. ಕೆಲವರು ಭೇಷ್ ಎಂದರು. ಒಬ್ಬ, “ಯಾರಪ್ಪಾ ಈ ಹುಡುಗ, ಇವನನ್ನ ಮಂತ್ರಿ ಮಾಡಿ” ಎಂದರೆ ಇನ್ನೊಬ್ಬ, “ನಿಜ ಹೇಳೋನು ಆ ಕೆಲಸಕ್ಕೆ ಆಗಲ್ಲ ಬಿಡು” ಎಂದ. ಅದರ ಕೆಳಗೆ ಯಾರೋ ಅಕ್ಕನ ಜನವರಿಯ ಸಾಲನ್ನು ತಂದು ಅಂಟಿಸಿದ್ದರು: ಟಾರು ರಸ್ತೆಗೆ ಹತ್ತಿರ. ಅದಕ್ಕೆ ನೂರಾರು ಜನ ನಕ್ಕಿದ್ದರು.

ನಾನು ಸಿ ಬೂಜೆಮಾ ಅವರಿಗೆ ಫೋನ್ ಮಾಡಿದೆ. ನೀವಾದರೂ ಹೇಳಿ, ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ, ಅಂಥ ಊರಿಗೆ ಬರುವವರು ಯಾರೂ ಇಲ್ಲವೇ, ನೀವೆಲ್ಲ ಅಂಥ ಊರಲ್ಲೇ ಇದ್ದವರಲ್ಲವೇ ಎಂದು ಕೇಳಿದೆ. ಅವರು ಕೆಮ್ಮುತ್ತ ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ಅಯ್ಯೋ ಮಗನೇ, ಅದಲು ಬದಲಿನ ಮಾತಲ್ಲಿ ಎಲ್ಲರೂ ಸುಳ್ಳು ಹೇಳ್ತಾರೆ ಅಂತ ಎಲ್ಲರಿಗೂ ಗೊತ್ತು. ಜನ ಒಳ್ಳೆಯವರು ಅಂದ್ರೆ ರಸ್ತೆ ಇಲ್ಲ, ಗಾಳಿ ಒಳ್ಳೆಯದು ಅಂದ್ರೆ ಕರೆಂಟಿಲ್ಲ. ಓದೋರು ತಾವಾಗೇ ಕೂಡಿಸಿ ಕಳೆದು ಓದ್ಕೋತಾರೆ. ನಾನು ಹೋದ ಊರುಗಳಿಗೆಲ್ಲ ಹಂಗೇ ಹೋಗಿದ್ದು. ನೀನು ಒಂಬತ್ತು ದಿನ ಅಂದೆ. ಇವನು ಒಂಬತ್ತು ಅಂತ ಒಪ್ಕೊಂಡಿದಾನೆ ಅಂದ್ರೆ ನಿಜವಾಗಿ ತೊಂಬತ್ತು ಇರಬೇಕು ಅಂತ ಅವರು ಕೇಳಿಸ್ಕೊಂಡ್ರು. ಕೂಸು ಬದುಕಿದೆ ಅಂದೆ, ಇಲ್ಲ ಅಂತ ಕೇಳಿಸ್ಕೊಂಡಿರ್ತಾರೆ.” ಮುಂದೆ ಏನು ಮಾಡುವುದು ಎಂದು ಕೇಳಿದೆ. ಮುಂದಿನ ವರ್ಷ ನೋಡೋಣ ಎಂದರು. ಆಸ್ಪತ್ರೆಯಲ್ಲಿ ವಾಸಿಯಾಗದವರಿಗೆ ಹೇಳುವ ದನಿಯಲ್ಲಿ ಹೇಳಿದರು. ಅದು ನನಗೆ ಅರ್ಥವಾಯಿತು.

ಅಕ್ಕನಿಗೆ ನಾನು ಏನನ್ನೂ ಮುಚ್ಚಿಡಲಿಲ್ಲ. ಹಸ್ನಾಳಿಗೆ ಉತ್ತರ ಕೊಟ್ಟ ದಿನ ಸಂಜೆಯೇ ಹೇಳಿದ್ದೆ. ಅವಳು ಜವೆಗೋಧಿ ಹಿಟ್ಟು ನಾದುತ್ತಿದ್ದಳು. ಬೈಯುತ್ತಾಳೆ, ಹಿಟ್ಟಿನ ಕೈಯಲ್ಲೇ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. “ಮಗೂಗೆ ಎರಡು ವರ್ಷ ಅಂದ್ಲಾ?” ಎಂದು ಕೇಳಿದಳು. ಹೂಂ ಎಂದೆ. ಬಹಳ ಹೊತ್ತು ನಾದಿದಳು, ಆ ಹಿಟ್ಟಿಗೆ ಅಷ್ಟು ನಾದುವುದು ಬೇಕಿರಲಿಲ್ಲ. ಆಮೇಲೆ ನನ್ನ ಕಡೆ ನೋಡದೆಯೇ, “ನಾನಾಗಿದ್ರೂ ಹಾಗೇ ಹೇಳ್ತಿದ್ದೆ ಅಂತ ಅಂದ್ಕೋಬೇಡ ಜವಾದ್. ನಾನು ಹೇಳ್ತಿರ್ಲಿಲ್ಲ” ಎಂದಳು. ಇಷ್ಟೇ. ಅಂದಿನಿಂದ ಇಂದಿನವರೆಗೆ ಆ ವಿಷಯ ಅವಳು ಎತ್ತಿಲ್ಲ. ನಾನು ಮಾಡಿದ್ದು ಸರಿ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಸರಿ ಎನ್ನಿಸುವುದರಿಂದ ನಿದ್ದೆ ಬರುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಬಾಕ್ ಪರೀಕ್ಷೆಯಲ್ಲಿ ಎದ್ದು ನಿಂತಾಗ ಹಾಳಾದದ್ದು ನನ್ನದೊಂದೇ ವರ್ಷ. ಇದು ನನ್ನದಲ್ಲ.

ಅದಲು ಬದಲಿನ ಅರ್ಜಿಯ ಗಡುವು ಮೇ ಕೊನೆಗೆ ಮುಗಿಯಿತು. ಮುಂದಿನ ವರ್ಷ ಅರ್ಜಿ ಹಾಕಿದರೂ ತಗಂತ್ ಉಫೆಲ್ಲಾ ಎಂದರೆ ಆ ಹನ್ನೊಂದು ಸಾವಿರ ಜನರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಊರಿನವರಿಗೆ ಮಾತ್ರ ಖುಷಿ. ಟೀಚರಮ್ಮ ಉಳಿದರಂತೆ ಎಂದು ದಾ ಹಮ್ಮೂನ ಹೆಂಡತಿ ಒಂದು ಬಟ್ಟಲು ಜೇನು ತಂದುಕೊಟ್ಟಳು. ಅಕ್ಕ ತೆಗೆದುಕೊಂಡಳು, ಥ್ಯಾಂಕ್ಸ್ ಹೇಳಿದಳು, ಬಾಗಿಲ ತನಕ ಹೋಗಿ ಕಳಿಸಿ ಬಂದಳು. ಆಮೇಲೆ ಬಟ್ಟಲಿಗೆ ತಟ್ಟೆ ಮುಚ್ಚಿ ಮೂಲೆಗಿಟ್ಟಳು.

ಅವಳು ಗುಂಪು ಬಿಡುತ್ತಾಳೆ ಎಂದುಕೊಂಡಿದ್ದೆ. ಎರಡು ವಾರ ಫೋನ್ ಮುಟ್ಟಲಿಲ್ಲ, ನಾನೂ ಬಂಡೆ ಹತ್ತಲಿಲ್ಲ. ನೆನ್ನೆ ಸಂಜೆ ತಾನಾಗಿಯೇ ಕರೆದು ಫೋನ್ ಕೊಟ್ಟಳು. ಮೂರನೇ ತರಗತಿಗೆ ಭಾಗಾಕಾರ ತಲೆಗೆ ಹೋಗುತ್ತಿಲ್ಲ, ಶೇಷ ಉಳಿಯುವ ಲೆಕ್ಕ ಹೇಗೆ ಕಲಿಸುವುದು ಎಂದು ಕೇಳಿದ್ದಳು. ದನಿ ಮೊದಲಿನಂತೆಯೇ ಇತ್ತು. ಇವತ್ತು ಬೆಳಿಗ್ಗೆ ನಾನು ಅದನ್ನು ಕಳಿಸಿ ಬಂಡೆಯಿಂದ ಇಳಿಯುವಷ್ಟರಲ್ಲಿ ಹದಿನೇಳು ಜನ ಉತ್ತರ ಕೊಟ್ಟರು, ಮೊನ್ನೆ ನಕ್ಕವರೂ ಅದರಲ್ಲಿದ್ದರು. ಒಳ್ಳೆಯ ಉತ್ತರಗಳೇ. ಇಲ್ಲಿ ಹೇಗೆ ಇರಬೇಕೆಂದು ಆ ಜನ ಅವಳಿಗೆ ಚೆನ್ನಾಗಿ ಕಲಿಸಿದ್ದಾರೆ. ಇಲ್ಲಿಂದ ಅವಳನ್ನು ಹೊರಡಿಸುವುದು ಮಾತ್ರ ಅವರಿಂದಲೂ ಆಗಲಿಲ್ಲ.

ನಾನು ಅಗಾದಿರ್‌ಗೆ ಹೋಗುವುದಿಲ್ಲ. ಅವಳನ್ನು ಇಲ್ಲಿ ಒಂಟಿಯಾಗಿ ಬಿಟ್ಟು ಹೋಗುವ ಮುಖ ನನಗಿಲ್ಲ. ಇದನ್ನು ತ್ಯಾಗ ಎಂದು ಬೀದಿಯಲ್ಲಿ ಹೇಳಿಕೊಳ್ಳಬೇಡ. ಬೇರೆ ದಾರಿಯಿಲ್ಲ, ಅಷ್ಟೇ. ಜುಲೈಯಲ್ಲಿ ರಜೆಗೆ ಇಬ್ಬರೂ ಬರುತ್ತೇವೆ, ಸೆಪ್ಟೆಂಬರ್ ಮೊದಲ ದಿನ ಇಬ್ಬರೂ ಹೊರಡುತ್ತೇವೆ. ಅಪ್ಪನಿಗೆ ಕಾಗದದ ಮೊದಲ ಅರ್ಧ ಓದಿ ಹೇಳು, ಉಳಿದದ್ದನ್ನು ನಿನ್ನ ಮಾತಿನಲ್ಲಿ ಹೇಳು. ನನ್ನನ್ನು ಬೈದರೆ ಬೈಯಲಿ.

ನಿನ್ನ ಕೈಗೂ ನೆತ್ತಿಗೂ ಮುತ್ತಿಟ್ಟು, ಅಪ್ಪನಿಗೆ ನನ್ನ ಸಲಾಂ ಹೇಳಿ, ರೀಮ್‌ಳ ಎರಡು ಕೆನ್ನೆಗೂ ಅಕ್ಕನ ಪಾಲಿನ ಮುತ್ತನ್ನೂ ಸೇರಿಸಿ ಕೊಡು ಎಂದು ಕೇಳಿಕೊಳ್ಳುವ,

ನಿನ್ನ ಮಗ
ಜವಾದ್

ಮರೆತ ವಿಷಯ: ದಾ ಹಮ್ಮೂ ನಾಳೆ ಮಂಗಳವಾರದ ಸಂತೆಗೆ ಇಳಿಯುತ್ತಾನೆ, ಕಾಗದ ಈಗಲೇ ಬೇಕು ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ. ಒಂದು ವಿಷಯ ಬರೆಯಲು ಮರೆತೆ ಎಂದರೆ ಸುಳ್ಳಾಗುತ್ತದೆ, ಬರೆಯಲಾಗದೆ ಬಿಟ್ಟಿದ್ದೆ. ಶಾಲೆಯ ಮೊದಲ ದಿನ ರೀಮ್‌ಳ ಕೈಹಿಡಿದು ನೀನೇ ಹೋಗಬೇಕಂತೆ. ಅಲ್ಲಿ ಮಕ್ಕಳ ಸಾಲಿನಲ್ಲಿ ಟೀಚರು ಈ ಮಗುವಿನ ಅಮ್ಮ ಎಲ್ಲಿ ಎಂದು ಕೇಳಿದರೆ, ದೂರದಲ್ಲಿದ್ದಾಳೆ, ಬರುತ್ತಾಳೆ ಎಂದೆಲ್ಲ ಮಗುವಿನ ಎದುರಿಗೆ ಹೇಳಬೇಡ, ನಾನೇ ಇವಳ ಅಮ್ಮ ಎಂದು ಹೇಳು ಎಂದು ಅಕ್ಕ ನಿನಗೆ ಹೇಳಿ ಕಳಿಸಿದ್ದಾಳೆ.